ಗುಮೆಡೆಯವರ ಹೆಸರಿಗೆ

ದಕ್ಷಿಣ ಆಫ್ರಿಕಾದ ಉಮ್ಲಾಜಿಯಲ್ಲಿ ನಮ್ಮ ಪಕ್ಕದ ಮನೆಯನ್ನು ಫಿಕಿಸಿಲೆ ಕೊಂಡು ವರ್ಷಗಳಾಗಿದ್ದವು. ಆದರೂ ಆ ಮನೆಯಲ್ಲೇ ತೀರಿಕೊಂಡ ಹಳೆಯ ಯಜಮಾನ ಗುಮೆಡೆಯವರ ಹೆಸರಿಗೆ ನಗರಸಭೆಯ ನೋಟಿಸು ಬರುವುದು ನಿಂತಿರಲಿಲ್ಲ. ಅವಳು ಕಚೇರಿಗೆ ಹೋದಾಗಲೆಲ್ಲ ಒಂದೇ ಉತ್ತರ: "ಹೆಸರು ಬದಲಾಗ್ಬೇಕಂದ್ರೆ ಅವರೇ ಬರ್ಬೇಕಮ್ಮ."

"ಆ ಮುದುಕನ್ನ ಮಕ್ಕಳು ಇನ್ನೂ ಊರಿಗೆ ಕರ್ಕೊಂಡ್ ಹೋಗಿಲ್ಲ ಕಣೆ. ಜೀವ ಇಲ್ಲೇ ಕೂತಿದೆ, ಕಾಗದಾನೂ ಇಲ್ಲಿಗೇ ಬರುತ್ತೆ," ಎಂದೆ ನಾನು.

ಅವಳು ಹೇಳಿಕಳಿಸಿದ ಮೇಲೆ ಗುಮೆಡೆಯವರ ಹಿರಿಯ ಮಗ, ಸತ್ತವರ ಜೀವವನ್ನು ಊರಿಗೆ ಒಯ್ಯುವ ಮುಳ್ಳಿನ ಕೊಂಬೆ ಹಿಡಿದು ಬಂದ. ತಂದೆ ಪ್ರಾಣಬಿಟ್ಟ ಕೋಣೆಯ ನೆಲಕ್ಕೆ ಅದನ್ನು ತಾಗಿಸಿ, "ಅಪ್ಪಾ, ಏಳು, ಊರಿಗೆ ಹೋಗೋಣ," ಎಂದ. ಆಮೇಲೆ ಪದ್ಧತಿಯಂತೆ ಯಾರೊಂದಿಗೂ ಮಾತಾಡದೆ ಶೇರ್ ಟ್ಯಾಕ್ಸಿ ಹತ್ತಿ, ಅಪ್ಪನಿಗೂ ಒಂದು ಸೀಟು ಹಿಡಿದು, ಕೊಂಬೆಯನ್ನು ಅದರ ಮೇಲಿಟ್ಟುಕೊಂಡು ಹೋದ. ಫಿಕಿಸಿಲೆಗೆ ಎದೆಯ ಭಾರ ಇಳಿದಂತಾಯಿತು.

ತಿಂಗಳು ತುಂಬುವುದರೊಳಗೆ ಗುಮೆಡೆಯವರ ಹೆಸರಿಗೆ ಮತ್ತೊಂದು ನೋಟಿಸು ಬಂತು. ಅವರು ಖುದ್ದಾಗಿ ಹಾಜರಾಗದಿದ್ದರೆ ನೀರು ನಿಲ್ಲಿಸುತ್ತಾರಂತೆ.

ಫಿಕಿಸಿಲೆ ಅದನ್ನು ನನ್ನ ಕೈಗಿತ್ತು ಮೆಟ್ಟಿಲ ಮೇಲೆ ಕುಸಿದು ಕೂತಳು.

"ಸತ್ತವರು ಒಂದೇ ಮಾತಿಗೆ ಎದ್ದು ಹೋದ್ರು ಅಕ್ಕಾ. ಈ ಆಫೀಸಿನವರನ್ನ ಯಾವ ಕೊಂಬೆ ತಂದು ಎಬ್ಬಿಸ್ಲಿ?"