ಪದ್ದಿಯ ಹಡಗು, ನನ್ನ ಹೊಟ್ಟೆಯುರಿ

ಪಕ್ಕದ ಮನೆಯವರು ಕಾರು ಕೊಂಡರೆ ನನಗೇನೂ ಅನ್ನಿಸುವುದಿಲ್ಲ. ಬಳಗದವರು ಬಂಗಾರ ಮಾಡಿಸಿಕೊಂಡರೆ ತೂಕ ವಿಚಾರಿಸಿ, ಚೆಂದವಾಗಿದೆಯೆಂದು ಹೊಗಳಿ, ಚಹಾ ಕುಡಿದು ನೆಮ್ಮದಿಯಿಂದ ಮನೆಗೆ ಬರುತ್ತೇನೆ. ಇದನ್ನು ಬಹುಕಾಲ ನನ್ನ ಹೃದಯವೈಶಾಲ್ಯವೆಂದೇ ತಿಳಿದಿದ್ದೆ. ಕಾರು, ಬಂಗಾರಗಳ ಮೇಲೆ ನನಗೆ ಮೊದಲಿನಿಂದಲೂ ಆಸೆಯೇ ಇರಲಿಲ್ಲವೆಂಬ ಸರಳ ಸತ್ಯ ಹೊಳೆದದ್ದು ಹೋದ ವರ್ಷ, ನಿಪ್ಪಾಣಿಯಿಂದ ಪದ್ದಿ ಫೋನು ಮಾಡಿ ತಾನು ಹಡಗು ಹತ್ತಲಿರುವ ಸುದ್ದಿ ಹೇಳಿದ ದಿನ.

ಪದ್ದಿ ಎಂದರೆ ಪದ್ಮಾವತಿ. ಚಿಕ್ಕೋಡಿಯ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವಳು ಲಗ್ನವಾಗಿ ನಿಪ್ಪಾಣಿಯ ತಂಬಾಕು ವ್ಯಾಪಾರಸ್ಥರ ಮನೆ ಸೇರಿದಳು; ನಾನು ಓದಿದ ಶಾಲೆಯಲ್ಲೇ ಭೂಗೋಳದ ಶಿಕ್ಷಕಿಯಾಗಿ ಉಳಿದೆ. ದೂಧಗಂಗೆಯ ಮರಳಿನ ನಡುಗಡ್ಡೆಗಿಂತ ದೊಡ್ಡ ದ್ವೀಪವನ್ನು ಕಂಡಿರದ ಮಕ್ಕಳಿಗೆ ನಿವೃತ್ತಿಯಾಗುವವರೆಗೂ ದ್ವೀಪಸಮೂಹಗಳನ್ನೂ ಹವಳದ ದಿಬ್ಬಗಳನ್ನೂ ಜ್ವಾಲಾಮುಖಿಗಳನ್ನೂ ಕರಿಹಲಗೆಯ ಮೇಲೆ ಬರೆದು ತೋರಿಸಿದೆ. ಶಾಲೆಯ ಕೆಂಪು ಸೀಮೆಸುಣ್ಣವೆಲ್ಲ ನನ್ನ ಲಾವಾರಸಕ್ಕೇ ಸವೆಯಿತು. ಆದರೆ ನಾನು ಕಣ್ಣಾರೆ ಕಂಡ ಸಮುದ್ರವೆಂದರೆ, ಒಮ್ಮೆ ಶಾಲಾ ಪ್ರವಾಸದಲ್ಲಿ ನೋಡಿದ ಗೋವೆಯ ದಂಡೆ. ಅದೂ ಮಕ್ಕಳ ತಲೆ ಎಣಿಸುವ ಗಡಿಬಿಡಿಯಲ್ಲಿ.

ಅಂಥ ನನಗೆ ಪದ್ದಿ ವರ್ಣಿಸಿದಳು: ಇಂಡೋನೇಷ್ಯಾದ ದ್ವೀಪಗಳ ನಡುವೆ ಹತ್ತು ದಿನ, ಸಣ್ಣ ಹಡಗು, ಮೂವತ್ತೇ ಜನ, ಕೋಣೆಗೊಂದು ಬಾಲ್ಕನಿ, ದೊಡ್ಡ ಹಡಗುಗಳು ಹೋಗಲಾರದ ದಂಡೆಗಳಿಗೆ ರಬ್ಬರಿನ ದೋಣಿಯಲ್ಲಿ ಕರೆದೊಯ್ಯುತ್ತಾರೆ, ಗಡ್ಡೆಗೆಣಸು ಬಳಸದೆ, ಹೊತ್ತು ಮುಳುಗುವ ಮೊದಲೇ ಗಂಡಹೆಂಡತಿ ಇಬ್ಬರಿಗೂ ಜೈನ ಊಟ ಬಡಿಸಲು ಅಡುಗೆಯವರು ಒಪ್ಪಿದ್ದಾರೆ. ಕೊನೆಗೆ ಕೇಳಿದಳು, “ಅಲ್ಲೆ ಬೆಂಕಿ ಗುಡ್ಡ ಅದಾವಂತಲ್ಲ ಶಕ್ಕು, ಹತ್ರ ಹೋದ್ರ ಸುಡೂದಿಲ್ಲ ಹೌದಿಲ್ಲೊ?”

ಶಾಲೆಯಲ್ಲಿ ಜ್ವಾಲಾಮುಖಿಯ ಉತ್ತರವನ್ನು ನನ್ನ ಹಾಳೆ ನೋಡಿ ಬರೆದವಳು ಇವಳು. ನನ್ನ ಜಠರಾಗ್ನಿಗೆ ಆ ಕ್ಷಣ ಭೂಗರ್ಭದ ಸಂಪರ್ಕ ದೊರೆಯಿತು.

ಪದ್ದಿಗೆ ಪ್ರಯಾಣವೆಂದರೆ ವಾಂತಿಯ ಹೆದರಿಕೆ. ಬಸ್ಸು ಚಿಕ್ಕೋಡಿ ಬಿಟ್ಟು ಪಕ್ಕದ ಹಳ್ಳಿ ಕರೋಶಿ ದಾಟುವುದರೊಳಗೆ ನಿಂಬೆಹಣ್ಣು ಮೂಸುವವಳು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ, ಪಾಠದ ಗಂಭೀರ ಧ್ವನಿಯಲ್ಲಿ, ಅವರು ಹೋಗಲಿರುವ ತಿಂಗಳು ಗಾಳಿ ದಿಕ್ಕು ಬದಲಿಸುತ್ತದೆಂದೂ, ಸಮುದ್ರ ಹುಚ್ಚೆದ್ದಿರುತ್ತದೆಂದೂ, ಹಡಗು ಸಣ್ಣದಾದಷ್ಟೂ ತೂಗಾಟ ಹೆಚ್ಚೆಂದೂ ಹೇಳಿದೆ. ವಾಸ್ತವವಾಗಿ ಆ ತಿಂಗಳು ಅಲ್ಲಿ ಸಮುದ್ರ ತಟ್ಟೆಯಲ್ಲಿಟ್ಟ ನೀರಿನಂತಿರುತ್ತದೆ. ತಿಳಿಯದೆ ಹೇಳಿದ ತಪ್ಪಿಗೆ ಕ್ಷಮೆಯುಂಟು. ನಾನು ಹೇಳಿದ್ದು ಮಾರುತಗಳ ಹೆಸರು, ದಿಕ್ಕುಗಳ ಸಮೇತ.

ಮೂರು ದಿನಗಳ ಮೇಲೆ ಅವಳೇ ಫೋನು ಮಾಡಿ, ಹೋಗುವುದಿಲ್ಲವೆಂದು ಯಜಮಾನರಿಗೆ ಹೇಳಿಬಿಟ್ಟೆನೆಂದಳು. ವ್ಯಾಪಾರದ ನೆಪವಿಲ್ಲದೆ ಹೆಂಡತಿಯೊಂದಿಗೆ ಹೊರಡಬೇಕೆಂದು ಆ ಮನುಷ್ಯ ಜೀವಮಾನದಲ್ಲಿ ಮೊದಲ ಸಲ ಹವಣಿಸಿದ್ದನಂತೆ. ಅಂದಿನಿಂದ ಮಾತೇ ಆಡುತ್ತಿಲ್ಲವಂತೆ. “ನೀ ಹೇಳಿದ್ದು ಛಲೋ ಆತು ನೋಡು,” ಎಂದು ನನಗೆ ಉಪಕಾರ ಸ್ಮರಣೆ ಬೇರೆ ಮಾಡಿದಳು.

ಆ ಮಧ್ಯಾಹ್ನ ಸೊಗಸಾಗಿ ನಿದ್ದೆ ಮಾಡಿದೆನೆಂಬುದನ್ನು ಮುಚ್ಚಿಡಲಾರೆ. ಆದರೆ ಮರುದಿನ ಊಟ ರುಚಿಸಲಿಲ್ಲ. ಅವಳ ಆ ಉಪಕಾರದ ಮಾತು ಅನ್ನದಲ್ಲಿನ ಕಲ್ಲಿನಂತೆ ಹಲ್ಲಿಗೆ ಸಿಗುತ್ತಿತ್ತು. ಅದರ ಮರುದಿನ ನಿಪ್ಪಾಣಿಯ ಬಸ್ಸು ಹತ್ತಿದೆ.

ನಾನು ಹೋದಾಗ ಪದ್ದಿ ಸೂಟ್‌ಕೇಸಿನಿಂದ ಹೊಸ ಬಟ್ಟೆಗಳನ್ನು ತೆಗೆದು ಕಪಾಟಿಗೆ ಸೇರಿಸುತ್ತಿದ್ದಳು. ಅವಳ ಯಜಮಾನರು ನೀರು ತಂದಿಟ್ಟು ಹೊರಗೆ ಹೋದರು. ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಪೀಠಿಕೆಯೆಲ್ಲ ಮರೆತುಹೋಯಿತು.

“ಸಮುದ್ರ ಶಾಂತ ಇರ್ತೈತಿ ಪದ್ದಿ. ನಾ ಸುಳ್ಳ ಹೇಳಿದೆ. ನನಗ ಹೊಟ್ಟಿಕಿಚ್ಚ ಆಗಿತ್ತು.”

ಅವಳು ಕೈಯಲ್ಲಿದ್ದ ಸೀರೆಯನ್ನು ನಿಧಾನವಾಗಿ ಮಡಚಿದಳು. ಬೈಯಲಿಲ್ಲ.

“ಅವತ್ತ ಬ್ಯಾರೆ ಯಾರರ ಹೇಳಿದ್ರ ನಾ ನಂಬತಿರಲಿಲ್ಲ,” ಎಂದಳು.

ಅಷ್ಟೇ. ಚಹಾ ಬರಲಿಲ್ಲ. ನಮ್ಮ ಕಡೆ ಚಹಾ ಕೊಡದೆ ಕಳಿಸಿದರೆಂದರೆ ಇನ್ನು ಹೇಳುವುದೇನೂ ಉಳಿದಿಲ್ಲವೆಂದು ಅರ್ಥ.

ಕೊನೆಗೆ ಗಂಡಹೆಂಡತಿ ಹಡಗು ಹತ್ತಿದರೆಂದು ಬೇರೆಯವರಿಂದ ತಿಳಿಯಿತು. ಅವಳಿಂದ ಒಂದು ಫೋಟೊ ಇಲ್ಲ, ಒಂದು ಸಾಲಿಲ್ಲ. ದಿನಕ್ಕೆ ಹತ್ತು ಸಲ ಫೋನು ತೆರೆದು ನೋಡುತ್ತ, ಅಟ್ಲಾಸಿನ ಮೇಲೆ ಬೆರಳಿಟ್ಟು ಅವಳ ಹಡಗನ್ನು ಅಂದಾಜಿನಿಂದ ನಡೆಸುತ್ತ ಕೂತೆ. ಪಶ್ಚಾತ್ತಾಪವಾಗಿತ್ತೆಂದು ಹೇಳಿದರೆ ಅರ್ಧ ನಿಜ. ಹೊಟ್ಟೆಕಿಚ್ಚು ಅದರ ಪಕ್ಕದಲ್ಲೇ ಆರಾಮಾಗಿ ಕಾಲು ಚಾಚಿ ಕೂತಿತ್ತು.

ಎಂಟನೆಯ ದಿನ ಬೆಳಿಗ್ಗೆ ಫೋನು ಗುಣುಗುಟ್ಟಿತು. ವಿಡಿಯೊ ಕರೆ. ತೆರೆಯ ಅರ್ಧಕ್ಕೆ ಪದ್ದಿಯ ಮುಖ, ಗಾಳಿಗೆ ಹಾರುವ ಕೂದಲು. ಅವಳ ಭುಜದಾಚೆ ನೀಲಿ ನೀರಿನಿಂದ ನೆಟ್ಟಗೆ ಎದ್ದ ಬೆಟ್ಟ, ಅದರ ನೆತ್ತಿಯಲ್ಲಿ ತೆಳ್ಳಗೆ ಹೊಗೆ.

“ಕಾಣಸ್ತೈತೇನ?”

ನನ್ನಿಂದ ಹೊರಟದ್ದು ಮೇಷ್ಟ್ರಗಿತ್ತಿಯ ಗಂಟಲು: ಸ್ವಲ್ಪ ಬಲಕ್ಕೆ ಸರಿ, ಕೈ ಮೇಲೆತ್ತು, ಅಲುಗಾಡಿಸಬೇಡ. ಹಳೆಯ ಲಾವಾ ಹರಿದು ಕಡಲಿಗಿಳಿದ ಕಪ್ಪು ದಾರಿ ಕಂಡಿತು. ಮಳೆಗಾಳಿ ಬಡಿಯುವ ಮಗ್ಗುಲಿನ ಹಸಿರು, ಮರೆಯ ಮಗ್ಗುಲಿನ ಬೋಳು ಕಂಡವು. ನಾನು ಕೆಂಪು ಬಳಿಯುತ್ತಿದ್ದಲ್ಲಿ ನಿಜವಾಗಿ ಬೂದುಬಣ್ಣವಿತ್ತು. ಇದನ್ನೆಲ್ಲ ಅವಳಿಗೆ ಹೇಳುತ್ತಲೇ ಹೋದೆ. ಅವಳು ಹೇಳಿದ ಹೇಳಿದ ಕಡೆಗೆ ಕೈ ತಿರುಗಿಸುತ್ತಿದ್ದಳು.

ಎಷ್ಟೋ ಹೊತ್ತಿನ ಮೇಲೆ ನನಗೆ ತಿಳಿಯಿತು. ಫೋನಿನ ಹಿಂದಿನ ಕ್ಯಾಮೆರಾ ಹಚ್ಚಲು ಅವಳಿಗೆ ಬರುತ್ತಿರಲಿಲ್ಲ. ಬೆಟ್ಟಕ್ಕೆ ಬೆನ್ನು ಮಾಡಿ, ಕೈ ಚಾಚಿ, ಅವಳು ಅಷ್ಟು ಹೊತ್ತೂ ನೋಡುತ್ತಿದ್ದದ್ದು ನನ್ನ ಮುಖವನ್ನು.

“ಪದ್ದಿ, ನೀನೂ ಹಿಂದ ತಿರುಗಿ ನೋಡ.”

“ನೀ ಮೊದಲ ನೋಡ. ನಂದೇನ್ ಅವಸರಿಲ್ಲ.”

ಅಷ್ಟರಲ್ಲಿ ಹಡಗು ತಿರುಗಿತು. ಬೆಟ್ಟ ಅವಳ ಭುಜದಿಂದ ಜಾರಿ, ಬರಿಯ ನೀರು ಉಳಿಯಿತು.

ಮತ್ಸರ ಹೋಯಿತೆ ಎಂದು ಕೇಳಬೇಡಿ. ಅದು ಜಾಗ ಬದಲಿಸಿದೆ. ಆ ಹಡಗಿನಲ್ಲಿ ನಾನಿದ್ದಿದ್ದರೆ ಹಾಗೆ ಬೆನ್ನು ತಿರುಗಿಸಿ ನಿಲ್ಲಲು ನನ್ನಿಂದ ಆಗುತ್ತಿತ್ತೇ ಎಂದು ಕೇಳಿಕೊಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.