ಗಂಟಲಪ್ಪನ ಮೂರನೇ ಕೂಗು

ನಮ್ಮ ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವ ಜವಾನನ ಸ್ವಂತ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವನು ಗಂಟಲಪ್ಪ. ಗಂಟಲು ಹಾಗಿತ್ತು. ಅವನು ಒಮ್ಮೆ ಕೂಗಿದರೆ ಸೂರಿನ ಪಾರಿವಾಳಗಳು ನಾಳೆಯ ಮೊಟ್ಟೆಯನ್ನು ಇವತ್ತೇ ಇಡುತ್ತಿದ್ದವು. ತಲೆಮರೆಸಿಕೊಂಡ ಕಳ್ಳ ಪಕ್ಕದೂರಿನಲ್ಲಿ ಅರ್ಧ ಕ್ಷೌರ ಬಿಟ್ಟು ಎದ್ದು ಬರುತ್ತಿದ್ದ. ಮೂರು ಸಲ ಕೂಗುವುದು, ಯಾರೂ ಬಾರದಿದ್ದರೆ ಒಳಗೆ ತಿರುಗಿ "ಹಾಜರಿಲ್ಲ ಸ್ವಾಮಿ" ಅನ್ನುವುದು, ನ್ಯಾಯಾಧೀಶರು ಕೇಸು ವಜಾ ಮಾಡುವುದು. ಇದು ಪದ್ಧತಿ. ತಡವಾಗಿ ಓಡಿಬಂದವರಿಗೆ "ಏನಪ್ಪಾ, ಕಿವಿ ಮನೇಲಿ ಒಣಗೋಕೆ ಹಾಕಿ ಬಂದ್ಯಾ?" ಅನ್ನುವುದು ಅವನು ಸೇರಿಸಿದ ಪದ್ಧತಿ.

ಹೀಗಿರುವಾಗ ಹೊಸ ನಿಯಮ ಬಂತು. ಮತದಾರರ ಪಟ್ಟಿಯಲ್ಲಿ ಹೆಸರಿರಬೇಕಾದರೆ ಈ ದೇಶದ ಪ್ರಜೆ ಅನ್ನುವುದಕ್ಕೆ ಜನನ ಪತ್ರ ತೋರಿಸಬೇಕು. ಗಂಟಲಪ್ಪ ಹುಟ್ಟಿದಾಗ ಅವನ ಅಳು ಏಳೂರಿಗೆ ಕೇಳಿತ್ತಂತೆ. ಬರೆದುಕೊಂಡವರು ಮಾತ್ರ ಒಬ್ಬರೂ ಇಲ್ಲ. ಪಟ್ಟಿಯಿಂದ ಹೆಸರು ಹೋಯಿತು.

ಹೆಂಡತಿ ಬಿಡಲಿಲ್ಲ. ಕೋರ್ಟಿನ ಮೆಟ್ಟಿಲ ಬಳಿ ಅರ್ಜಿ ಟೈಪು ಮಾಡುವ ನನ್ನ ಮುಂದೆ ಅವನನ್ನು ತಂದು ಕೂರಿಸಿದಳು. "ಈ ನಿಯಮ ನ್ಯಾಯ ಅಲ್ಲ ಅಂತ ಬರೀರಿ ಅಣ್ಣ. ಇಷ್ಟು ವರ್ಷ ಇವರು ಓಟು ಹಾಕ್ಲಿಲ್ವಾ?"

"ಮೆಲ್ಲಗೆ ಟೈಪು ಮಾಡಯ್ಯಾ, ಸದ್ದು ಒಳಗೆ ಕೇಳುತ್ತೆ" ಅಂದ ಗಂಟಲಪ್ಪ.

ವಕೀಲರನ್ನು ಇಡಲಿಲ್ಲ. ರಜೆಯನ್ನೂ ಕೇಳಲಿಲ್ಲ, ಕೇಳಿದರೆ ಕಾರಣ ಹೇಳಬೇಕಲ್ಲ. ಊರಿನ ವ್ಯಾಜ್ಯಕ್ಕೆಲ್ಲ ಬಾಗಿಲು ಕಾದವನು 'ನಾನೂ ಇಲ್ಲಿಯವನೇ' ಎಂದು ಬೇಡಿಕೊಳ್ಳುವುದೆಂದರೆ ಅವನಿಗೆ ಚಡ್ಡಿಯಿಲ್ಲದೆ ಸಂತೆಗೆ ಹೋದಷ್ಟು ನಾಚಿಕೆ.

ವಿಚಾರಣೆಯ ದಿನ ನಾನೂ ಒಳಗೆ ಗೋಡೆಗೊರಗಿ ನಿಂತಿದ್ದೆ. ಗುಮಾಸ್ತ ಚೀಟಿ ಕೊಟ್ಟ. ಆ ಹೆಸರು ಯಾರದೆಂದು ಗುಮಾಸ್ತನಿಗೂ ಗೊತ್ತಿಲ್ಲ. ಗಂಟಲಪ್ಪ ಬಾಗಿಲಿಗೆ ಹೋಗಿ ತನ್ನ ಹೆಸರನ್ನೇ ಕೂಗಿದ. ಸೊಳ್ಳೆ ಕೆಮ್ಮಿದಂತೆ ಕೇಳಿತು. ಎರಡನೇ ಸಲ ಸೊಳ್ಳೆಗೂ ಗಂಟಲು ಕಟ್ಟಿತ್ತು. ಮೂರನೇ ಸಲ ತುಟಿ ಮಾತ್ರ ಆಡಿತು. ಪಡಸಾಲೆಯತ್ತ ಕಣ್ಣು ಹಾಯಿಸಿ, ಯಾರೂ ಬಾರದಿದ್ದುದನ್ನು ನೋಡಿ, ರೂಢಿಯಂತೆ ಒಳಕ್ಕೆ ತಿರುಗಿದ.

"ಹಾಜರಿಲ್ಲ ಸ್ವಾಮಿ."

ನ್ಯಾಯಾಧೀಶರು ವಜಾ ಬರೆಯಲು ಪೆನ್ನು ತೆಗೆದರು. ಹಿಂದಿನ ಬೆಂಚಿನಿಂದ ಹೆಂಡತಿ ಎದ್ದಳು.

"ಒಂದ್ನಿಮಿಷ ಸ್ವಾಮಿ. ಹಾಜರಿಲ್ಲ ಅಂದ್ರಲ್ಲ, ಅವರೇ ಅವರು."

ಪೆನ್ನು ನಿಂತಿತು. "ಏನಯ್ಯಾ, ನಿನ್ನ ಕೇಸಾ ಇದು?"

ಗಂಟಲಪ್ಪ ತನ್ನ ಚಪ್ಪಲಿಯನ್ನು ಈಗಷ್ಟೇ ಕಂಡವನಂತೆ ನೋಡುತ್ತಿದ್ದ. "ಹೌದು ಸ್ವಾಮಿ."

"ಮತ್ತೆ ಇಲ್ಲ ಅಂದೆ?"

"ಅಭ್ಯಾಸ ಸ್ವಾಮಿ."

ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ನಗಲಿಲ್ಲ. "ಹೋಗಿ ಇನ್ನೊಂದು ಸಲ ಕೂಗು. ಕೂಗಿ ಕಟಕಟೆಗೆ ಬಾ."

ಕೂಗಿದ. ಪಾರಿವಾಳಗಳು ಎದ್ದವು. ಆದರೆ ಬಾಗಿಲಿಂದ ಕಟಕಟೆಗೆ ಬರುವಷ್ಟರಲ್ಲಿ ಅವನ ತಲೆಗೂದಲು ಇನ್ನಷ್ಟು ನರೆತಿದ್ದನ್ನು ನಾನೇ ಕಣ್ಣಾರೆ ಕಂಡೆ. ಕೇಸು ಉಳಿಯಿತು; ಇನ್ನೂ ನಡೆದಿದೆ.

ಸಂಜೆ ಮೆಟ್ಟಿಲಿಳಿಯುತ್ತ ಹೆಂಡತಿ ಅಂದಳು, "ಪಟ್ಟಿಯವರು ನಿಮ್ಮನ್ನ ಇಲ್ಲ ಅಂದಿದ್ದು ಹೋಗ್ಲಿ. ನೀವೂ ಅಂದುಬಿಟ್ರಲ್ಲ."

ಅಂದಿನಿಂದ ಗಂಟಲಪ್ಪ ನಾಲ್ಕನೇ ಸಲವೂ ಕೂಗುತ್ತಾನೆ, ಪದ್ಧತಿಯಲ್ಲಿಲ್ಲ. ತಡವಾಗಿ ಓಡಿಬಂದವರಿಗೆ ಕಿವಿಯ ಮಾತೆತ್ತದೆ, ಮುಖ ನೋಡದೆ, ಬಾಗಿಲು ತೆರೆದು ಹಿಡಿದು ನಿಲ್ಲುತ್ತಾನೆ.