ಹೊನ್ನಕ್ಕನ ಸೊಂಟವೂ ನಾಲ್ಕು ಪಾತ್ರೆ ಮುದ್ದೆಯೂ

ನನ್ನ ಅತ್ತೆ ಹೊನ್ನಕ್ಕನಿಗೆ ಎಂಟು ವರ್ಷದಿಂದ ಸೊಂಟ ನೋವು. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಆ ನೋವಿಗೂ ಊರು ಸುತ್ತುವ ಯೋಗ ಬಂತು. ಅರಕಲಗೂಡಿನಲ್ಲಿ ಎಣ್ಣೆ, ಚನ್ನರಾಯಪಟ್ಟಣದಲ್ಲಿ ಸೂಜಿ, ಹೊಳೆನರಸೀಪುರದಲ್ಲಿ ಬೆಲ್ಟು. ಆ ಬೆಲ್ಟು ಈಗ ನಮ್ಮ ಒಡೆದ ನಲ್ಲಿ ಪೈಪಿಗೆ ಸುತ್ತಿದೆ.

ಇಷ್ಟಾದರೂ ಅತ್ತೆ ಅತ್ತವರಲ್ಲ. ಅತ್ತದ್ದು ಹೋದ ವರ್ಷದ ಅಂಬೇಡ್ಕರ್ ಜಯಂತಿಯಂದು. ಮೂವತ್ತು ವರ್ಷ ಆ ದಿನದ ಕೇರಿಯ ಊಟಕ್ಕೆ ಮುದ್ದೆ ತೊಳಸಿದವರು ಅವರೇ. ಆ ಸಲ ಅವರಿಗೆ ಏಳಲಾಗಲಿಲ್ಲವೆಂದು ಸಂಘದ ಶಾಂತರಾಜು ಪಲಾವ್ ಮಾಡಿಸಿದ. ಜನ ಚಪ್ಪರಿಸಿಕೊಂಡು ತಿಂದರು. ಅದೇ ಅತ್ತೆಗೆ ಚುಚ್ಚಿದ್ದು.

ಆಮೇಲೆ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಫಿಸಿಯೋಥೆರಪಿಯ ಕವನಾ ಮೇಡಂ ನೇರವಾಗಿ ಹೇಳಿದರು: "ನೋವು ಪೂರ್ತಿ ಹೋಗುತ್ತೆ ಅಂತ ಹೇಳಲ್ಲ ಅಮ್ಮ. ದಿನಾ ಸ್ವಲ್ಪ ವ್ಯಾಯಾಮ ಮಾಡಿದ್ರೆ, ನೋವಿದ್ರೂ ಕೆಲಸ ಮಾಡ್ಬಹುದು. ನಿಮಗೇನು ಮಾಡೋ ಆಸೆ?"

"ಮುದ್ದೆ ತೊಳಸ್ಬೇಕು ಕಣವ್ವ," ಎಂದರು ಅತ್ತೆ.

ಮೇಡಂ ದಿನಕ್ಕೆ ಹತ್ತು ನಿಮಿಷದ ವ್ಯಾಯಾಮ ಬರೆದುಕೊಟ್ಟರು. ಅತ್ತೆ ಇಡೀ ವಾರದ್ದನ್ನು ಸೋಮವಾರವೇ ಮುಗಿಸಿ, ಶುಕ್ರವಾರದವರೆಗೆ ಹಾಸಿಗೆ ಹಿಡಿದರು. ನಾನು ರೇಗಿದೆ.

"ಮುದ್ದೆ ತೊಳ್ಸೋವಾಗ ನಡುವೆ ಕೈ ಬಿಟ್ರೆ ಗಂಟಾಗಕಿಲ್ವಾ? ಇದೂ ಅಂಗೇ," ಎಂದರು.

ಮುಂದಿನ ಸಲ ಮೇಡಂ ಹತ್ತಿರ ಚಾಡಿ ಹೇಳಿದೆ. ಅವರು ನಕ್ಕು, "ಹಿಟ್ಟು ಸುರಿದ ತಕ್ಷಣ ತೊಳಸ್ತೀರಾ ಅಮ್ಮ?" ಎಂದು ಕೇಳಿದರು.

"ಎಲ್ಲಾದ್ರೂ ಉಂಟಾ! ಬೇಯಕ್ ಬಿಡ್ಬೇಕು. ಅಸೀ ಹಿಟ್ಟು ಯಾರು ಉಂಡಾರು?"

"ಸೊಂಟಕ್ಕೂ ಅಷ್ಟು ಹೊತ್ತು ಕೊಡಿ. ಹತ್ತು ನಿಮಿಷ ಮಾಡಿ, ಆಮೇಲೆ ಬಿಡಿ."

"ಆಯ್ತು ಬುಡವ್ವ," ಎಂದು ಅತ್ತೆ ತಲೆಯಾಡಿಸಿದರು. ನಾನು ಈ ಮನೆಗೆ ಬಂದಮೇಲೆ ಅವರು ಇನ್ನೊಬ್ಬರ ಮಾತಿಗೆ ಒಪ್ಪಿದ್ದು ಅದೇ ಮೊದಲು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಂದಿನಿಂದ ದಿನವೂ ಹತ್ತೇ ನಿಮಿಷ, ಗೊಣಗಾಟ ಬೇರೆ.

ಈ ಏಪ್ರಿಲ್‌ನಲ್ಲಿ ಶಾಂತರಾಜು, "ಪಲಾವೇ ಇರ್ಲಿ ಬುಡಕ್ಕ," ಎಂದ. ಅತ್ತೆ ಕೇಳಲಿಲ್ಲ. ಒಂದು ದೊಡ್ಡ ಪಾತ್ರೆಯ ಬದಲು ನಾಲ್ಕು ಸಣ್ಣವು. ಒಂದು ಮುಗಿದರೆ ಕುರ್ಚಿಯಲ್ಲಿ ಕೂರುವುದು, ಆಮೇಲೆ ಇನ್ನೊಂದು. ಮೊಬೈಲಿನಲ್ಲಿ ಟೈಮ್ ನೋಡುವ ಕೆಲಸ ನನ್ನದು. ಎರಡನೆಯದು ಮುಗಿದಾಗ ಅವರು ಮುಖ ಕಿವುಚಿದರು. ನಾನು ಮೊಬೈಲ್ ಬಿಟ್ಟು ಅವರನ್ನೇ ನೋಡಿದೆ.

"ನನ್ ಮಕ ಯಾಕ್ ನೋಡ್ತೀಯೆ ಯಶೋಧರಾ, ಟೈಮ್ ನೋಡು," ಎಂದು ಗದರಿ ಕೂತರು. ಎದ್ದರು. ನಾಲ್ಕನೆಯದನ್ನೂ ಮುಗಿಸಿದರು. ಹುಡುಕಿದರೂ ಒಂದೂ ಗಂಟಿರಲಿಲ್ಲ.

ಊಟ ಬಡಿಸುತ್ತಾ ಬಂದ ಶಾಂತರಾಜು ಕೇಳಿದ, "ನೋವು ಓಯ್ತೇನಕ್ಕ?"

"ಎಲ್ಲಿಗ್ ಓಯ್ತದೆ? ಇಲ್ಲೇ ಪಕ್ಕದಲ್ಲೇ ಕುಂತದೆ. ಅದ್ಕೂ ಒಂದ್ ಮುದ್ದೆ ಇಕ್ಲಾ."